ಹಣ್ಣುಕಾಯಿ ಅಂಗಡಿಯ ಕಿರ್ದಿ

ಅಪ್ಪಯ್ಯ ಶೃಂಗೇರಿಯಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟು ನಲವತ್ತು ವರ್ಷ ದಾಟಿತು. ಕಾಯಿ, ಬಾಳೆಹಣ್ಣು, ಊದುಬತ್ತಿ, ಕರ್ಪೂರ, ಕುಂಕುಮದ ಪೊಟ್ಟಣ, ತುಂಗೆಯ ಮೀನಿಗೆ ಹಾಕಲು ಮಂಡಕ್ಕಿ. ಇವೆಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದದ್ದು ಉತ್ತರ. ಶಾಲೆ ಮುಗಿಸಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ನಾನು ಅದನ್ನೇ ಕೇಳುತ್ತ ಬೆಳೆದೆ. ಮಠದಲ್ಲಿ ಊಟ ಎಷ್ಟು ಹೊತ್ತಿಗೆ? ಹೊರನಾಡಿನ ಬಸ್ಸು ಎಲ್ಲಿ ನಿಲ್ಲುತ್ತದೆ? ಕಿಗ್ಗದ ಋಷ್ಯಶೃಂಗ ದೇವಸ್ಥಾನ, ಸಿರಿಮನೆ ಜಲಪಾತ ಎರಡೂ ನೋಡಿಕೊಂಡು ಇವತ್ತೇ ವಾಪಸ್ ಬರಬಹುದಾ? ಕಡಿಮೆಗೆ ಒಂದು ರೂಮು ಸಿಗುತ್ತಾ? ತೆಲುಗು, ತಮಿಳು, ಮರಾಠಿ, ಹಿಂದಿ, ಯಾವುದರಲ್ಲಿ ಕೇಳಿದರೂ ಅಪ್ಪಯ್ಯ ಕಾಯಿ ಕೈಯಲ್ಲಿ ಹಿಡಿದುಕೊಂಡೇ ಹೇಳಿ ಮುಗಿಸುತ್ತಿದ್ದರು. ಮಳೆಗಾಲದಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡವರು ಯಾರಾದರೂ ಸಿಕ್ಕಿದರೆ ಮನೆಗೇ ಕರೆದುಕೊಂಡು ಬರುತ್ತಿದ್ದರು. ಅಂಥ ಎಷ್ಟೋ ರಾತ್ರಿ ನಮ್ಮ ಜಗಲಿಯಲ್ಲಿ ಗುರುತಿಲ್ಲದವರು ಮಲಗಿದ್ದಾರೆ, ಅಮ್ಮ ಗಂಜಿಗೆ ಇನ್ನೊಂದು ಪಾವು ಅಕ್ಕಿ ಹಾಕಿದ್ದಾಳೆ.

ಇಷ್ಟು ಜನಕ್ಕೆ ದಾರಿ ಹೇಳಿದ ಅಪ್ಪಯ್ಯ ಸ್ವಂತ ನೋಡಿದ್ದು ಧರ್ಮಸ್ಥಳ, ಉಡುಪಿ, ತಿರುಪತಿ. ಅಮ್ಮನೂ ಅಷ್ಟೇ.

2017ರ ಆಷಾಢದ ಒಂದು ಸಂಜೆ ಅಮ್ಮ ಹಲಸಿನ ಹಪ್ಪಳ ಸುಡುತ್ತ, "ಒಂದು ಸಲ ಪಶುಪತಿನಾಥನ್ನ ನೋಡಬೇಕು ಅಂತ ಆಸೆ ಇದೆ" ಅಂದಳು. ಕಾಠ್ಮಂಡುವಿನ ಆ ದೇವಸ್ಥಾನದಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ತಲೆಮಾರುಗಳಿಂದ ದಕ್ಷಿಣದವರು, ಈಗಲೂ ಕರ್ನಾಟಕದ ಕಡೆಯವರು. ಇದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಮ್ಮ ಅದನ್ನು ಚಿಕ್ಕಂದಿನಿಂದ ಕೇಳಿದ್ದಳು. ಅಷ್ಟು ದೂರದ ಹಿಮಾಲಯದ ಮಡಿಲಲ್ಲಿ ನಮ್ಮ ಕಡೆಯವರೊಬ್ಬರು ದೇವರ ಮೈ ತೊಳೆಯುತ್ತಾರೆ ಎನ್ನುವುದು ಅವಳ ಮನಸ್ಸಿನಲ್ಲಿ ಬೇರು ಬಿಟ್ಟಿತ್ತು. ಚಿಕ್ಕಮ್ಮ ಅಲ್ಲೇ ಇದ್ದವಳು, "ಅಕ್ಕ ಹೊರಟರೆ ನಾನೂ ಬರ್ತೆ" ಅಂದುಬಿಟ್ಟಳು.

ಆಗ ಪ್ಯಾಕೇಜ್ ಟೂರಿನ ಒಂದು ಕರಪತ್ರ ತರಿಸಿ ನೋಡಿದೆವು. ನೇಪಾಳಕ್ಕೆ ಒಬ್ಬರಿಗೆ ಹೇಳಿದ ದುಡ್ಡು ಕೇಳಿ ಅಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಕೊಪ್ಪದ ಹತ್ತಿರ ನಮಗಿರುವುದು ಒಂದೂವರೆ ಎಕರೆ ಅಡಿಕೆ ತೋಟ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ಹಳದಿ ಎಲೆ ರೋಗ ಏನು ಮಾಡಿದೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮರ ಸಾಯುವುದಿಲ್ಲ, ಬದುಕಿದ ಹಾಗೂ ಇರುವುದಿಲ್ಲ. ವರ್ಷ ವರ್ಷ ಸೊರಗಿ ಕೊನೆಗೆ ಗೊನೆಯೇ ಬಿಡುವುದಿಲ್ಲ. ನಮ್ಮ ತೋಟದ ಅರ್ಧ ಹಾಗೆ ಆಗಿತ್ತು.

ಮೂರು ದಿನ ಸುಮ್ಮನಿದ್ದ ಅಪ್ಪಯ್ಯ ನಾಲ್ಕನೆಯ ದಿನ ಅಂಗಡಿಯಿಂದ ಹೊಸ ಕಿರ್ದಿ ಪುಸ್ತಕವೊಂದನ್ನು ತಂದು, ಊಟದ ಮೇಲೆ ನನ್ನನ್ನು ಕರೆದರು. "ಪುಟ್ಟಿ, ಜನ ನನ್ನ ಹತ್ರ ಬಂದು ಏನು ಕೇಳ್ತಾರೋ ಅದನ್ನೇ ನಾವು ಮೊದಲೇ ಕೇಳಿ ಇಟ್ಕೊಂಡ್ರೆ ಆಯ್ತಲ್ಲ. ಪ್ಯಾಕೇಜಿನವರು ಇನ್ನೆಂತ ಮಾಡ್ತಾರೆ?"

ಒಂದೊಂದು ಊರಿಗೆ ಒಂದೊಂದು ಪುಟ. ಪುಟದಲ್ಲಿ ನಾಲ್ಕೇ ಪ್ರಶ್ನೆ: ಸ್ನಾನ ಎಲ್ಲಿ, ಊಟ ಎಲ್ಲಿ, ಮಲಗುವುದೆಲ್ಲಿ, ಹೊರಡುವ ಬಸ್ಸು ಎಷ್ಟಕ್ಕೆ. ಬಲಗಡೆ ದುಡ್ಡಿನ ಕಾಲಂ. ನಾಲ್ಕು ಜನಕ್ಕೆ ಒಟ್ಟು ಒಂದು ಲಕ್ಷ, ಅದಕ್ಕಿಂತ ಹೆಚ್ಚು ಒಂದು ರೂಪಾಯಿಯೂ ಇಲ್ಲ ಅಂತ ಮೊದಲ ಪುಟದಲ್ಲಿ ಶ್ರೀಕಾರದ ಕೆಳಗೆ ಬರೆದರು. ಉತ್ತರ ಹುಡುಕುವ ಕೆಲಸ ನನ್ನದಾಯಿತು. ನಾನು ಮದುವೆಯಾಗಿ ಹೋದದ್ದು ನರಸಿಂಹರಾಜಪುರಕ್ಕೆ, ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಮೆಷಿನ್ನಿನ ಪಕ್ಕ ಫೋನ್ ಇಟ್ಟುಕೊಂಡು, ರವಿಕೆಗೆ ಗುಂಡಿ ಹಾಕುವ ಹೊತ್ತಿನಲ್ಲಿ ರೈಲಿನ ಹೊತ್ತು ನೋಡುತ್ತಿದ್ದೆ. ಅತ್ತೆಯ ವಯಸ್ಸಿನವರು ಈಗಲೂ ನಮ್ಮೂರಿಗೆ ಎಡೇಹಳ್ಳಿ ಅಂತಲೇ ಹೇಳುತ್ತಾರೆ. ಒಂದು ಕಾಲದಲ್ಲಿ ತರೀಕೆರೆಯಿಂದ ಇಲ್ಲಿಗೆ ಪುಟ್ಟ ರೈಲು ಬರುತ್ತಿತ್ತಂತೆ. ಅದು ನಿಂತುಹೋದ ಊರಿನಲ್ಲಿ ಕೂತು ಗೋರಖಪುರದ ರೈಲು ಹುಡುಕುವಾಗ ಆ ಹಳಿಗಳ ನೆನಪು ಯಾಕೋ ಮತ್ತೆ ಮತ್ತೆ ಬರುತ್ತಿತ್ತು.

ಕಿರ್ದಿಗೆ ಭೂತಾನ್ ಸೇರಿದ್ದು ಹೀಗೆ ಹುಡುಕುವಾಗಲೇ. ನೇಪಾಳದ ಪೂರ್ವದ ಗಡಿ ಕಾಕರಭಿಟ್ಟದಿಂದ ಮೇಚಿ ನದಿ ದಾಟಿದರೆ ನಮ್ಮ ಬಂಗಾಳ, ಅಲ್ಲಿಂದ ಸಿಲಿಗುರಿ, ಸಿಲಿಗುರಿಯಿಂದ ಒಂದು ಹಗಲಿನ ಬಸ್ಸಿನಲ್ಲಿ ಭೂತಾನಿನ ಬಾಗಿಲು. ಎರಡೂ ದೇಶಕ್ಕೆ ನಮಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿ ಸಾಕು. ಮನೆಯಲ್ಲಿ ಪಾಸ್‌ಪೋರ್ಟ್ ಯಾರಿಗೂ ಇರಲಿಲ್ಲ. ವೋಟು ಹಾಕಲು ಮಾತ್ರ ಪೆಟ್ಟಿಗೆಯಿಂದ ತೆಗೆಯುತ್ತಿದ್ದ ಚೀಟಿ ಎರಡು ದೇಶದ ಬಾಗಿಲು ತೆಗೆಯುತ್ತದೆ ಅಂದಾಗ ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಲ್ಲಿವರೆಗೆ ಹೋದಮೇಲೆ ಅದನ್ನೂ ನೋಡಿಬಿಡುವ ಅಂತ ಅಪ್ಪಯ್ಯನೇ ಹೇಳಿದ್ದು.

ಆ ಕಿರ್ದಿಯಲ್ಲಿ ಅಪ್ಪಯ್ಯ ಬರೆಸಿದ ಕೆಲವು ಮಾತು ನನಗೆ ಬಾಯಿಪಾಠ. ಹಬ್ಬದ ದಿನ ಹೋಗಬಾರದು, ಹಬ್ಬ ಕಳೆದ ವಾರ ಹೋಗಬೇಕು. ನವರಾತ್ರಿಯಲ್ಲಿ ಶೃಂಗೇರಿಗೆ ಬಂದವರಿಗೆ ಮಲಗಲು ಜಾಗ ಸಿಗುವುದಿಲ್ಲ, ಮರುವಾರ ಬಂದವರಿಗೆ ತಾಯಿಯೂ ಸಿಗುತ್ತಾಳೆ, ರೂಮೂ ಸಿಗುತ್ತದೆ. ಹೊಸ ಊರಿಗೆ ಬೆಳಕಿರುವಾಗಲೇ ಇಳಿಯಬೇಕು, ಕತ್ತಲಲ್ಲಿ ಇಳಿದವನು ಕೇಳಿದಷ್ಟು ಕೊಡುತ್ತಾನೆ. ದಾರಿ ಕೇಳುವ ಮುಂಚೆ ಆ ಅಂಗಡಿಯಲ್ಲಿ ಏನಾದರೂ ಕೊಳ್ಳಬೇಕು, ಹತ್ತು ರೂಪಾಯಿಯದ್ದಾದರೂ ಸೈ. ಊಟಕ್ಕೆ ಅಂಗಡಿಯವರೇ ತಿನ್ನುವ ಕಡೆ ಹೋಗಬೇಕು. ಇದರಲ್ಲಿ ಒಂದೂ ಪುಸ್ತಕದಿಂದ ಬಂದದ್ದಲ್ಲ. ಗಲ್ಲಾಪೆಟ್ಟಿಗೆಯ ಈಚೆ ಕೂತು ನಲವತ್ತು ವರ್ಷ ಯಾತ್ರಿಕರ ಮುಖ ನೋಡಿದವರ ತಿಳಿವಳಿಕೆ. ಯಾರು ನಿದ್ದೆಗೆಟ್ಟು ಬಂದಿದ್ದಾರೆ, ಯಾರಿಗೆ ಹಸಿವಾಗಿದೆ, ಯಾರು ದುಡ್ಡು ಎಣಿಸಿಕೊಂಡು ಬಂದಿದ್ದಾರೆ ಅಂತ ಅವರಿಗೆ ಕಾಯಿ ಕೊಳ್ಳುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಇನ್ನೊಂದು ಕೆಲಸ ನೂರರ ನೋಟು ಸೇರಿಸುವುದು. ನೋಟು ರದ್ದಾಗಿ ಹೊಸ ನೋಟು ಬಂದಮೇಲೆ ನಮ್ಮ ಐನೂರು, ಎರಡು ಸಾವಿರದ ನೋಟು ನೇಪಾಳದಲ್ಲಿ ನಡೆಯುತ್ತಿರಲಿಲ್ಲ, ನೂರರದು ಮಾತ್ರ ಸರಾಗ. ನಮ್ಮ ನೂರಕ್ಕೆ ಅಲ್ಲಿಯ 160, ಅದು 1993ರಿಂದ ಬದಲಾಗಿಲ್ಲ. ಹಾಗಾಗಿ ಆ ವರ್ಷ ಅಡಿಕೆ ಮಾರಿದ ದುಡ್ಡನ್ನು ಅಪ್ಪಯ್ಯ ನೂರರ ಕಟ್ಟುಗಳಲ್ಲೇ ಕೇಳಿ ತಂದರು. ಅಮ್ಮನಿಗೆ, ಚಿಕ್ಕಮ್ಮನಿಗೆ, ನನಗೆ ಒಳಜೇಬು ಇರುವ ಲಂಗ ನಾನೇ ಹೊಲಿದೆ.

ಶಿವರಾತ್ರಿ ಕಳೆದ ಮರುವಾರ, 2018ರ ಫೆಬ್ರವರಿಯಲ್ಲಿ, ಕೊಪ್ಪದಿಂದ ಸಹಕಾರ ಸಾರಿಗೆ ಬಸ್ಸು ಹತ್ತಿದೆವು. ಕಾರ್ಮಿಕರೇ ಮಾಲೀಕರಾಗಿ 1991ರಲ್ಲಿ ಕಟ್ಟಿದ ಆ ಸಂಸ್ಥೆಯ ಬಸ್ಸಿಲ್ಲದೆ ನಮ್ಮ ಕಡೆಯ ಯಾವ ಮದುವೆ, ಬಾಣಂತನ, ಆಸ್ಪತ್ರೆ ಓಡಾಟವೂ ನಡೆದದ್ದಿಲ್ಲ. 2020ರಲ್ಲಿ ಅವು ನಿಂತವು. ನಮ್ಮ ದೊಡ್ಡ ಪ್ರಯಾಣ ಅದರ ಸೀಟಿನಿಂದಲೇ ಶುರುವಾಯಿತಲ್ಲ ಅಂತ ಈಗಲೂ ಸಮಾಧಾನ. ಕಂಡಕ್ಟರು "ಎಲ್ಲಿಗೆ ಇಷ್ಟು ಗಂಟುಮೂಟೆ?" ಅಂದಾಗ ಅಮ್ಮ ಮೆಲ್ಲಗೆ "ನೇಪಾಳಕ್ಕೆ" ಅಂದಳು. ಆತ ಶಿವಮೊಗ್ಗದ ಟಿಕೆಟ್ ಹರಿದು ಕೊಡುತ್ತ, "ಪಶುಪತಿಗೆ ನಮ್ಮದೂ ಒಂದು ನಮಸ್ಕಾರ ಹೇಳಿ ಅಮ್ಮ" ಅಂದ.

ಯಶವಂತಪುರದಿಂದ ಗೋರಖಪುರಕ್ಕೆ ಸ್ಲೀಪರ್ ಬೋಗಿಯಲ್ಲಿ ಎರಡು ರಾತ್ರಿ. ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಚಪಾತಿ. ದಾರಿಯಲ್ಲಿ ಕೊಂಡದ್ದು ಟೀ ಮತ್ತು ಕಿತ್ತಳೆ ಹಣ್ಣು ಮಾತ್ರ. ಸುನೌಲಿಯ ಗಡಿಯಲ್ಲಿ ಕಮಾನಿನ ಕೆಳಗೆ ನಡೆದು ಆಚೆ ಹೋದೆವು, ಅಷ್ಟೇ, ದೇಶ ಬದಲಾಯಿತು. ಚಿಕ್ಕಮ್ಮ ನಿಂತು ಹಿಂದೆ ತಿರುಗಿ ನೋಡಿ, "ಇಷ್ಟೇನಾ?" ಅಂದಳು. ಬುದ್ಧ ಹುಟ್ಟಿದ ಲುಂಬಿನಿಯಲ್ಲಿ ಅಶೋಕನ ಕಂಬದ ಹತ್ತಿರ ಒಂದು ಮಧ್ಯಾಹ್ನ ಕೂತೆವು. ಪೋಖರಾದಲ್ಲಿ ಫೇವಾ ಕೆರೆಯ ನಡುಗಡ್ಡೆಯ ವಾರಾಹಿಗೆ ದೋಣಿಯಲ್ಲಿ ಹೋಗಿ ಬಂದೆವು. ಬೆಳಗಿನ ಜಾವ ಮಚ್ಛಪುಛ್ರೆ ಶಿಖರದ ಮೇಲೆ ಮೊದಲ ಬಿಸಿಲು ಬಿದ್ದಾಗ ನಾಲ್ವರೂ ಮಾತಾಡಲಿಲ್ಲ. ಮೇರ್ತಿ ಗುಡ್ಡವನ್ನೇ ಎತ್ತರ ಅಂತ ನೋಡಿ ಬೆಳೆದ ಕಣ್ಣಿಗೆ ಅದು ಬೆಟ್ಟ ಅನ್ನಿಸಲೇ ಇಲ್ಲ, ಮೋಡದಲ್ಲಿ ನಿಂತ ಯಾರೋ ಅನ್ನಿಸಿತು.

ಕಾಠ್ಮಂಡುವಿನಲ್ಲಿ ಪಶುಪತಿ ದೇವಸ್ಥಾನದ ಹತ್ತಿರದ ಧರ್ಮಶಾಲೆಯೊಂದರಲ್ಲಿ ಐದು ದಿನ ಇದ್ದೆವು. ಅಪ್ಪಯ್ಯ ಮೊದಲು ಹೋಗಿ ನಿಂತದ್ದು ದೇವಸ್ಥಾನದ ಎದುರಿನ ಹೂವು, ರುದ್ರಾಕ್ಷಿಯ ಸಾಲಿನಲ್ಲಿ. ಅಲ್ಲಿ ಹೆಂಗಸೊಬ್ಬಳು ಚೆಂಡುಹೂವಿನ ಮಾಲೆ ಮಾರುತ್ತಿದ್ದಳು. ಅವಳ ನೇಪಾಳಿ ಇವರಿಗೆ ತಿಳಿಯದು, ಇವರ ಅರೆಬರೆ ಹಿಂದಿ ಅವಳಿಗೆ ಸಾಕಾಯಿತು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ: ಅಪ್ಪಯ್ಯ ಮಾಲೆ ಕೊಂಡರು, ದುಡ್ಡು ಕೊಟ್ಟರು, ಆಮೇಲೆ ಊಟ ಎಲ್ಲಿ ಅಂತ ಕೇಳಿದರು. ಅವಳು ಮಾಲೆ ಕೈಯಲ್ಲಿ ಹಿಡಿದುಕೊಂಡೇ, ಕಣ್ಣಿನಲ್ಲೇ ಮುಂದಿನ ಗಿರಾಕಿಯನ್ನು ನಿಲ್ಲಿಸಿ, ಓಣಿ ತೋರಿಸಿ, ಎರಡನೆಯ ತಿರುವು ಅಂತ ಬೆರಳಲ್ಲಿ ಎಣಿಸಿ ಹೇಳಿದಳು. ನಲವತ್ತು ವರ್ಷ ಅಪ್ಪಯ್ಯ ಹೇಳುತ್ತಿದ್ದ ರೀತಿಯೇ ಅದು. ಆ ಓಣಿಗೆ ಹೋಗುವಾಗ ಅಪ್ಪಯ್ಯನ ಕಣ್ಣು ಒದ್ದೆಯಾಗಿತ್ತು. ಯಾಕೆ ಅಂತ ನಾನು ಕೇಳಲಿಲ್ಲ.

ದರ್ಶನಕ್ಕೆ ಬೆಳಿಗ್ಗೆ ಸಾಲು ನಿಂತೆವು. ಚಿನ್ನದ ಬಣ್ಣದ ಎರಡು ಅಂತಸ್ತಿನ ಮಾಡು, ಪಡುವಣ ಬಾಗಿಲಿನಲ್ಲಿ ಆನೆಯಷ್ಟು ದೊಡ್ಡ ನಂದಿ, ಹಿಂದೆ ಬಾಗಮತಿ ನದಿ, ಅದರ ದಂಡೆಯಲ್ಲಿ ಉರಿಯುವ ಚಿತೆ. ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು, ಲಿಂಗಕ್ಕೆ ನಾಲ್ಕು ದಿಕ್ಕಿಗೂ ಮುಖ. ಬಾಗಿಲಿನಾಚೆ ಭಟ್ಟರೊಬ್ಬರು ಹೂವು ಇಸಿದುಕೊಂಡು ಪ್ರಸಾದ ಕೊಡುತ್ತಿದ್ದರು. ಹಿಂದಿನಿಂದ ಜನ ಒತ್ತುತ್ತಿದ್ದರು. ಅಮ್ಮ ವರ್ಷವಿಡೀ ಏನೇನೋ ಹೇಳಬೇಕು ಅಂದುಕೊಂಡಿದ್ದವಳು, ಎದುರು ಬಂದಾಗ "ಶೃಂಗೇರಿಯಿಂದ ಬಂದ್ವಿ" ಅಂತ ಮಾತ್ರ ಕನ್ನಡದಲ್ಲಿ ಅಂದಳು. ಅವರು ತಲೆ ಎತ್ತಿದರು. ಕೈ ಒಂದು ಗಳಿಗೆ ನಿಂತಿತು. ಮತ್ತೆ ಬಗ್ಗಿ ಒಳಗಿನಿಂದ ಒಂದು ಹೂವು ತೆಗೆದು ಅಮ್ಮನ ಕೈಗೆ ಇಟ್ಟರು. ಅಷ್ಟರಲ್ಲಿ ಸಾಲು ನಮ್ಮನ್ನು ಮುಂದಕ್ಕೆ ತಳ್ಳಿತ್ತು. "ಕೇಳಿಸ್ತು ಅವ್ರಿಗೆ" ಅಂತ ಅಮ್ಮ ಆ ದಿನ ಎಷ್ಟು ಸಲ ಹೇಳಿದಳೋ.

ಆಮೇಲಿನ ದಿನಗಳು ತಿನ್ನುವುದರಲ್ಲಿ ಹೋದವು. ಹಾಗೆ ಹೇಳಲು ನನಗೆ ಸಂಕೋಚವಿಲ್ಲ. ಒಂದು ಊರನ್ನು ಬೀದಿಬದಿಯಲ್ಲಿ ನಿಂತು ತಿಂದಷ್ಟು ಚೆನ್ನಾಗಿ ಬೇರೆ ಹೇಗೂ ತಿಳಿಯಲಾಗದು. ಹಳೆಯ ಪೇಟೆ ಅಸನದಲ್ಲಿ ಅಕ್ಕಿಹಿಟ್ಟನ್ನು ಕೈಯಿಂದಲೇ ಬಳೆಯ ಹಾಗೆ ಎಣ್ಣೆಗೆ ಬಿಟ್ಟು ಸೇಲ್ ರೋಟಿ ಕರಿಯುತ್ತಿದ್ದರು. ಸಿಹಿ ಹೆಚ್ಚಿಲ್ಲ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಅಮ್ಮ ಎರಡು ತುತ್ತಿಗೇ "ಸ್ವಲ್ಪ ಬಾಳೆಹಣ್ಣೂ ಹಾಕಿದಾರೆ" ಅಂದಳು. ಕೇಳಿದರೆ ಹೌದಂತೆ. ಅಲ್ಲಿಯ ನೇವಾರ ಜನರ 'ಬಾರಾ' ನಮ್ಮ ಉದ್ದಿನ ದೋಸೆಯ ಹತ್ತಿರದ ಬಂಧು. 'ಯೋಮರಿ' ಅನ್ನುವುದು ಅಕ್ಕಿಹಿಟ್ಟಿನೊಳಗೆ ಬೆಲ್ಲದ ಪಾಕದಂಥ 'ಚಾಕು' ತುಂಬಿ ಹಬೆಯಲ್ಲಿ ಬೇಯಿಸಿದ ಕಡುಬು, ತುದಿ ಮೀನಿನ ಬಾಲದಂತೆ ಚೂಪು. ಚೌತಿಯ ಕಡುಬನ್ನು ಮೂವತ್ತು ವರ್ಷ ಕಟ್ಟಿದ ಅಮ್ಮ ಆ ಚೂಪನ್ನು ತಿರುಗಿಸಿ ನೋಡಿ ಕಲಿತುಕೊಂಡಳು. ಲಪ್ಸಿ ಎಂಬ ಹುಳಿ ಹಣ್ಣಿನ ಒಣಗಿಸಿದ ತಿರುಳು ಬಾಯಿಗಿಟ್ಟಾಗ ನಾನು ಚಿಕ್ಕವಳಿದ್ದಾಗ ಉಪ್ಪು ಹಚ್ಚಿ ತಿಂದ ಅಮಟೆಕಾಯಿ ನೆನಪಾಯಿತು. ಮೊಮೊ ಅಂಗಡಿ ಹೆಜ್ಜೆಗೊಂದು, ತರಕಾರಿಯದ್ದು ಕೇಳಿ ತಿನ್ನಬೇಕು. ನಾಲ್ವರ ಹೊಟ್ಟೆ ತುಂಬಲು ನಮ್ಮ ಎರಡು ನೂರು ರೂಪಾಯಿ ಆದ ದಿನವೂ ಇತ್ತು.

ಅದೇ ಅಸನದ ಚೌಕದಲ್ಲಿ ಅನ್ನಪೂರ್ಣೆಯ ಗುಡಿ. ಒಳಗೆ ಮೂರ್ತಿಯಿಲ್ಲ, ತುಂಬಿದ ಕಲಶವೇ ದೇವಿ. ಸುತ್ತ ಅಕ್ಕಿ, ಬೇಳೆ, ಮಸಾಲೆ ಮಾರುವವರ ಗದ್ದಲ. ಹೊರನಾಡಿನ ಹೊನ್ನಿನ ಬಣ್ಣದ ಎತ್ತರದ ಅನ್ನಪೂರ್ಣೆಯನ್ನು ನೋಡಿದ ನಮಗೆ ಈ ಕಲಶದ ಮುಂದೆ ನಿಲ್ಲುವಾಗ ಬೇರೆಯೇ ಒಂದು ಭಾವ ಬಂತು. ಅಕ್ಕಿ ವ್ಯಾಪಾರದ ನಡುವೆಯೇ ಅವಳು ಇದ್ದಾಳಲ್ಲ, ಬರುವವರಿಗೆ ದಾರಿಯೂ ಬಾಗಿಲೂ ಬೇಡ.

ಭಕ್ತಪುರಕ್ಕೆ ಹೋದಾಗ 2015ರ ಏಪ್ರಿಲ್ 25ರ ಭೂಕಂಪದ ಗಾಯ ಇನ್ನೂ ಹಸಿಯಾಗಿತ್ತು. ಬಿದ್ದ ವತ್ಸಲಾ ದೇವಿ ಗುಡಿಯ ಜಾಗ ಖಾಲಿ, ಮನೆಗಳಿಗೆ ಮರದ ಊರುಗೋಲು. 1702ರಲ್ಲಿ ಕಟ್ಟಿದ ಐದು ಅಂತಸ್ತಿನ ನ್ಯಾತಪೋಲ ಮಾತ್ರ ನೆಟ್ಟಗೆ ನಿಂತಿತ್ತು. ಅದರ ಮೆಟ್ಟಿಲ ಮೇಲೆ ಕೂತು ಮಣ್ಣಿನ ಕುಡಿಕೆಯಲ್ಲಿ 'ಜುಜು ಧೌ' ತಿಂದೆವು. ಮೊಸರುಗಳ ರಾಜ ಅಂತ ಅದರ ಅರ್ಥ. ಕೆನೆ ಕಟ್ಟಿದ ಸಿಹಿ ಮೊಸರು, ಕುಡಿಕೆ ಕವುಚಿದರೂ ಬೀಳದಷ್ಟು ಗಟ್ಟಿ. ಮೊಸರು ಮಾರಿದಾತ ತನ್ನ ಮನೆಯ ಮೇಲಿನ ಅಂತಸ್ತು ಬಿದ್ದದ್ದನ್ನು ಕೈಸನ್ನೆಯಲ್ಲಿ ಹೇಳಿದ. ಅಪ್ಪಯ್ಯ ಇನ್ನೆರಡು ಕುಡಿಕೆ ಕೊಂಡರು. ಕಿರ್ದಿಯಲ್ಲಿ ಆ ಎರಡಕ್ಕೆ ಲೆಕ್ಕ ಬರೆದಿದ್ದಾರೆ, ಯಾರು ತಿಂದರು ಅಂತ ಬರೆದಿಲ್ಲ. ನಮ್ಮಲ್ಲಿ ಯಾರ ಹೊಟ್ಟೆಯಲ್ಲೂ ಜಾಗ ಇರಲಿಲ್ಲ.

ಕಾಕರಭಿಟ್ಟಕ್ಕೆ ರಾತ್ರಿಯಿಡೀ ಬಸ್ಸು, ಸೊಂಟ ಮುರಿಯಿತು. ಸಿಲಿಗುರಿಯಿಂದ ಜೈಗಾಂವ್ ಬಸ್ಸಿನಲ್ಲಿ ತೂಕಡಿಸುತ್ತಿದ್ದ ಅಪ್ಪಯ್ಯ ಒಮ್ಮೆಗೇ ಎದ್ದು ಕೂತರು. ಟೀ ತೋಟಗಳ ನಡುವಿನ ಹಳ್ಳಿಗಳಲ್ಲಿ, ಮನೆ ಮನೆಯ ಅಂಚಿನಲ್ಲಿ ಅಡಿಕೆ ಮರ. "ನೋಡು, ಹಳದಿ ಇಲ್ಲ. ಒಂದಕ್ಕೂ ಇಲ್ಲ" ಅಂತ ಕಿಟಕಿಗೆ ಹಣೆ ಹಚ್ಚಿ ದಾರಿಯುದ್ದಕ್ಕೂ ಮರದ ತಲೆಗಳನ್ನೇ ನೋಡಿದರು.

ಜೈಗಾಂವ್‌ನಲ್ಲಿ ಇಳಿದಾಗ ಶುಕ್ರವಾರ ಸಂಜೆ. ಭೂತಾನಿನ ಒಳಗೆ ಹೋಗಲು ಗಡಿಯೂರು ಫುಂಟ್‌ಶೋಲಿಂಗ್‌ನಲ್ಲಿ ಪರವಾನಗಿ ಮಾಡಿಸಬೇಕಿತ್ತು, ಆ ಕಚೇರಿಗೆ ಆಗ ಶನಿವಾರ, ಭಾನುವಾರ ರಜೆ. ನಾನು ಫಾರಂ, ಫೋಟೋ, ಎಲ್ಲ ಸರಿ ಮಾಡಿಕೊಂಡಿದ್ದೆ, ವಾರ ನೋಡಿರಲಿಲ್ಲ. ಇಡೀ ಕಿರ್ದಿಯಲ್ಲಿ ನನ್ನಿಂದಾದ ತಪ್ಪು ಅದು, ಮತ್ತು ದುಬಾರಿ ತಪ್ಪು. ಎರಡು ರಾತ್ರಿಯ ಬಾಡಿಗೆ ಹೆಚ್ಚಾಯಿತು, ಪುನಾಖಾ ಕೈಬಿಟ್ಟುಹೋಯಿತು. ಹೊಳೆ ಕೂಡುವಲ್ಲಿ ನಿಂತ ಆ ಕೋಟೆಮಠವನ್ನು ನೋಡಬೇಕು ಅಂತ ಪಟ ಕತ್ತರಿಸಿ ಕಿರ್ದಿಗೆ ಅಂಟಿಸಿದ್ದವಳು ಚಿಕ್ಕಮ್ಮ. ಅವಳು ಒಂದು ಮಾತೂ ಆಡಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಆಗ ಫುಂಟ್‌ಶೋಲಿಂಗ್ ಪೇಟೆಗೆ ನಮ್ಮವರು ಪರವಾನಗಿ ಇಲ್ಲದೆ ಹಗಲು ಹೋಗಿ ಬರಬಹುದಿತ್ತು. ಶನಿವಾರ ಬೆಳಿಗ್ಗೆ ಬಣ್ಣದ ದ್ವಾರ ದಾಟಿದೆವು. ಹಿಂದಿನ ಹೆಜ್ಜೆಯವರೆಗೂ ಇದ್ದ ಹಾರನ್ನು, ಕೂಗು ಅಲ್ಲಿಗೇ ನಿಂತಿತು. ಗಂಡಸರ 'ಘೋ', ಹೆಂಗಸರ 'ಕಿರಾ' ನೋಡುತ್ತ ನಾನು ನೆರಿಗೆಯ ಲೆಕ್ಕ ಹಾಕುತ್ತಿದ್ದರೆ ಅಪ್ಪಯ್ಯ ಒಂದು ಪುಟ್ಟ ಅಂಗಡಿಯ ಮುಂದೆ ನಿಂತಿದ್ದರು. ಅಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಅರ್ಧ ಹೋಳು ಅಡಿಕೆ ಇಟ್ಟು ಮಡಚಿ ಮಾರುತ್ತಿದ್ದರು. ಅದಕ್ಕೆ 'ದೋಮ' ಅನ್ನುತ್ತಾರೆ. ಭೂತಾನಿನಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ. ಒಣ ಅಡಿಕೆಯಲ್ಲ, ಹಸಿಯೂ ಅಲ್ಲ. ಕೊಳೆಹಾಕಿ ಹದ ಮಾಡಿದ್ದು, ವಾಸನೆ ಮೂಗಿಗೆ ರಾಚುತ್ತದೆ. ಅಮ್ಮ ಸೆರಗು ಮುಚ್ಚಿಕೊಂಡಳು. ಅಪ್ಪಯ್ಯ ಮಾತ್ರ ಬಗ್ಗಿ ಮೂಸಿ, "ನೀರಡಿಕೆ!" ಅಂದರು. ನಮ್ಮಲ್ಲೂ ಹಿಂದೆ ಮಳೆಗಾಲಕ್ಕೆಂದು ಹಣ್ಣಡಿಕೆಯನ್ನು ನೀರಿನಲ್ಲಿ ಹಾಕಿ ಇಡುತ್ತಿದ್ದರು, ಅಜ್ಜ ಅದಿಲ್ಲದೆ ಕವಳ ಹಾಕುತ್ತಿರಲಿಲ್ಲವಂತೆ. ಹತ್ತು ರೂಪಾಯಿ ಕೊಟ್ಟು ಒಂದು ಪೊಟ್ಟಣ ಕೊಂಡು ಬಾಯಿಗಿಟ್ಟರು. ಸ್ವಲ್ಪ ಹೊತ್ತಿಗೆ ಕಿವಿ ಕೆಂಪಾಗಿ ಹಣೆಯಲ್ಲಿ ಬೆವರು ಬಂತು. ಅಡಿಕೆ ಸೊಕ್ಕಿತ್ತು. ಅಂಗಡಿಯಾಕೆ ಕುಡಿಯಲು ನೀರು ಕೊಟ್ಟು ಸ್ಟೂಲು ಹಾಕಿದಳು. ಅಪ್ಪಯ್ಯ ಅಲ್ಲಿ ಕೂತವರು ಏಳಲಿಲ್ಲ. ಎರಡೂ ದಿನ ಬೆಳಿಗ್ಗೆ ಸಂಜೆ ಅದೇ ಸ್ಟೂಲು. ಅಡಿಕೆ ಎಲ್ಲಿಂದ ಬರುತ್ತದೆ, ಹೇಗೆ ಹೂಳುತ್ತಾರೆ, ಎಷ್ಟು ತಿಂಗಳು ಇಡುತ್ತಾರೆ, ಎಲ್ಲ ಕೇಳಿದರು. ಕೊಯ್ದು, ಸುಲಿದು, ಬೇಯಿಸಿ, ಚೊಗರು ಹಾಕಿ, ಒಣಗಿಸಿ ನಾವು ರಾಶಿ ಅಡಿಕೆ ಮಾಡುವುದನ್ನು ಇವರು ಕೈಯಲ್ಲಿ ಮಾಡಿ ತೋರಿಸಿದರು. ಅಷ್ಟು ಕೆಲಸವಾ ಅಂತ ಆಕೆ ತಲೆಯ ಮೇಲೆ ಕೈ ಇಟ್ಟುಕೊಂಡಳು.

ಸೋಮವಾರ ಪರವಾನಗಿಗೆ ಒಂದು ರೂಪಾಯಿಯೂ ಖರ್ಚಾಗದೆ ಒಳಗೆ ಹೋದೆವು. ಈಗ ಆ ಲೆಕ್ಕ ನಡೆಯುವುದಿಲ್ಲ. 2020ರಲ್ಲಿ ಕಾನೂನು ಬಂದಮೇಲೆ ಭಾರತದವರೂ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ಕಟ್ಟಬೇಕು. ತಮ್ಮ ಕಾಡು ಬೆಟ್ಟ ಜನಜಂಗುಳಿಗೆ ಹಾಳಾಗಬಾರದೆಂದು ಅವರು ಮಾಡಿಕೊಂಡದ್ದು. ರಜೆಯ ದಿನ ಸಿರಿಮನೆಯಲ್ಲಿ ಬಿದ್ದ ಪ್ಲಾಸ್ಟಿಕ್ ನೋಡಿದ ನನಗೆ ಅದು ತಪ್ಪು ಅನ್ನಿಸುವುದಿಲ್ಲ. ನಮ್ಮಂಥ ನಾಲ್ವರು ಇನ್ನು ಹೋಗುವುದು ಕಷ್ಟ ಎನ್ನುವ ಸಂಕಟವೂ ಇದೆ. ಥಿಂಪುವಿನಲ್ಲಿ ಕೆಂಪಕ್ಕಿ ಅನ್ನಕ್ಕೆ 'ಎಮ ದತ್ಶಿ' ಬಡಿಸಿದರು. ಅದರಲ್ಲಿ ಮೆಣಸಿನಕಾಯಿಯೇ ತರಕಾರಿ, ಗಿಣ್ಣಿನಂಥ ಚೀಸ್ ಸಾರು. ಸೂಜಿಮೆಣಸಿನ ಚಟ್ನಿ ತಿಂದು ಬೆಳೆದ ಚಿಕ್ಕಮ್ಮ ಎರಡನೆಯ ಸಲ ಹಾಕಿಸಿಕೊಂಡಳು. ಪಾರೋದಲ್ಲಿ ಬಂಡೆಗೆ ಅಂಟಿ ನಿಂತ ತಕ್‌ತ್ಸಂಗ್ ಮಠ 3,000 ಮೀಟರ್‌ಗಿಂತ ಎತ್ತರದಲ್ಲಿದೆ. ಅಪ್ಪಯ್ಯನ ಮಂಡಿ ಅರ್ಧ ದಾರಿಗೆ ಬೇಡ ಅಂದಿತು. ಅಮ್ಮ ಹವಾಯಿ ಚಪ್ಪಲಿಯಲ್ಲೇ, ತೋಟದ ಏರು ಹತ್ತುವ ಹಾಗೆ, ಮೇಲಿನವರೆಗೂ ಹತ್ತಿದಳು.

ಹೊಸ ಜಲ್ಪಾಯ್‌ಗುರಿಯಿಂದ ರೈಲು ಹತ್ತಿ ಊರು ಸೇರಿದಮೇಲೆ ಅಪ್ಪಯ್ಯ ಲೆಕ್ಕ ಕೂಡಿಸಿದರು. 1,01,340 ರೂಪಾಯಿ. ಆ 1,340 ಜೈಗಾಂವ್‌ನ ಎರಡು ರಾತ್ರಿಯದ್ದು. ನಾನು ಹೊಲಿಗೆಯ ದುಡ್ಡಿನಿಂದ ಕೊಡಲು ಹೋದರೆ, "ನೀರಡಿಕೆ ನೋಡಿದ್ದಕ್ಕೆ ಅಷ್ಟಾದ್ರೂ ಆಗ್ಬೇಕು" ಅಂತ ಕಿರ್ದಿ ಮುಚ್ಚಿದರು.

ಫುಂಟ್‌ಶೋಲಿಂಗ್‌ನ ಅಂಗಡಿಯಾಕೆ ಕೊಟ್ಟ ಒಂದು ಇಡೀ ಅಡಿಕೆಯನ್ನು ಅಪ್ಪಯ್ಯ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಈಗ ಅದರ ವಾಸನೆ ಹೋಗಿದೆ, ಒಣಗಿ ಕಪ್ಪಾಗಿ ಅಂಗಡಿಯಲ್ಲಿ ಶಾರದಾಂಬೆಯ ಪಟದ ಕೆಳಗೆ ಕೂತಿದೆ. ಕೊಪ್ಪದ ಕಡೆಯ ಬೆಳೆಗಾರರು ಯಾರಾದರೂ ಕಾಯಿ ಕೊಳ್ಳಲು ಬಂದರೆ ಅದರ ಮೇಲೆ ಕಣ್ಣು ಬಿದ್ದೇ ಬೀಳುತ್ತದೆ. ಎತ್ತಿಕೊಂಡು ಉಗುರಿನಲ್ಲಿ ಕೆರೆದು ನೋಡುತ್ತಾರೆ, ಅಂಗೈಯಲ್ಲಿ ತೂಗುತ್ತಾರೆ. "ಗೋಟು ಅಲ್ವಾ ಇದು?" ಅನ್ನುತ್ತಾರೆ. ಅಪ್ಪಯ್ಯ ಅಲ್ಲ ಅಂತ ತಲೆ ಆಡಿಸಿ, ಒಳಗಿನಿಂದ ಸ್ಟೂಲು ಎಳೆದು ಹಾಕುತ್ತಾರೆ.